ಪ್ರವಾಸಕ್ಕೆ ಪ್ರಶಸ್ತ ಕಾಲ

ಪ್ರವಾಸದ ಪುಸ್ತಕಗಳಲ್ಲಿ ಪ್ರತಿ ಊರಿನ ವಿವರ ಮುಗಿಯುವ ಕಡೆ ಒಂದು ಸಾಲು ಇರುತ್ತದೆ. ‘ಭೇಟಿಗೆ ಪ್ರಶಸ್ತ ಕಾಲ: ಅಕ್ಟೋಬರ್ ಮತ್ತು ನವೆಂಬರ್’ ಎಂದೋ, ‘ಏಪ್ರಿಲ್‌ನಿಂದ ಜೂನ್’ ಎಂದೋ. ಊರಿಗೆ ಹೋಗುವುದು ಹೇಗೆ, ಇಳಿದುಕೊಳ್ಳುವುದು ಎಲ್ಲಿ ಎಂಬ ಮಾಹಿತಿಗಳ ಸಂದಿಯಲ್ಲಿ ಕೂತಿರುವ ಈ ಸಾಲನ್ನು ನಾವೆಲ್ಲ ಹವಾಮಾನದ ಮಾತೆಂದು ಓದುತ್ತೇವೆ. ಮಳೆ ಇರಬಾರದು, ಸೆಕೆ ಇರಬಾರದು, ಆಕಾಶ ತಿಳಿಯಾಗಿರಬೇಕು, ಅಷ್ಟೇ. ಆದರೆ ‘ಪ್ರಶಸ್ತ’ ಎಂದರೆ ಯಾರಿಗೆ ಪ್ರಶಸ್ತ? ಹೋಗುವವರಿಗೋ, ಅಲ್ಲಿ ಇರುವವರಿಗೋ? ಪುಸ್ತಕ ಅದನ್ನು ಹೇಳುವುದಿಲ್ಲ. ಹೇಳುವ ಅಗತ್ಯವಿದೆಯೆಂದು ಬರೆದವರಿಗೆ ಅನ್ನಿಸಿಯೂ ಇರಲಿಕ್ಕಿಲ್ಲ.

ಹೆಂಗಸರಿಗೆ ಈ ಪ್ರಶ್ನೆ ತಟ್ಟನೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ. ಏಕೆಂದರೆ ನಾವು ಪ್ರವಾಸಕ್ಕೆ ಹೋಗುವುದಕ್ಕಿಂತ ಹೆಚ್ಚಾಗಿ ಪ್ರವಾಸಕ್ಕೆ ಬಂದವರನ್ನು ಕಂಡವರು. ಮೇ ತಿಂಗಳು ಬಂತೆಂದರೆ ಬೆಂಗಳೂರಿನ ನಾದಿನಿ, ಪುಣೆಯ ಮೈದುನ, ಅವರ ಮಕ್ಕಳು, ಮಕ್ಕಳ ಗೆಳೆಯರು. ಮಾವಿನ ಹಣ್ಣಿನ ಕಾಲ, ಶಾಲೆಗೆ ರಜೆ, ಅಜ್ಜಿಯ ಮನೆ: ಬರುವವರಿಗೆ ಅದಕ್ಕಿಂತ ಒಳ್ಳೆಯ ಕಾಲ ಯಾವುದಿದೆ ಹೇಳಿ. ಒಲೆಯ ಮುಂದೆ ನಿಂತವಳಿಗೆ ಮಾತ್ರ ಅದು ನಲವತ್ತು ಡಿಗ್ರಿ ಸೆಕೆ, ಎಂಟು ದಿನಕ್ಕೊಮ್ಮೆ ಬಿಡುವ ನಳದ ನೀರು, ಮೂರು ಹೊತ್ತು ಹದಿನಾಲ್ಕು ಎಲೆ. ಬಂದವರು ಬೇಡವಾಗಿದ್ದರು ಎಂದಲ್ಲ. ಹೊರಟಾಗ ಕಣ್ಣು ತುಂಬಿ ಬರುವುದೂ ಸುಳ್ಳಲ್ಲ. ಆದರೂ ಅವರ ಒಳ್ಳೆಯ ಕಾಲ ನಮ್ಮ ಒಳ್ಳೆಯ ಕಾಲವೇ ಆಗಿರಬೇಕೆಂದಿಲ್ಲ ಎಂಬ ಲೆಕ್ಕ ನಮಗೆ ಯಾರೂ ಕಲಿಸದೆ ಬಂದಿದೆ.

ನಾವು ನಾಲ್ವರು, ಒಂದೇ ಹೈಸ್ಕೂಲಿನ ಅಕ್ಕೋರುಗಳು, 2023ರಲ್ಲಿ ನೇಪಾಳಕ್ಕೆ ಹೋಗುವುದೆಂದು ಗೊತ್ತುಮಾಡಿದೆವು. ನಾನು ಸಮಾಜ ವಿಜ್ಞಾನದವಳು. ಉಳಿದವರು ಗಣಿತ, ಹಿಂದಿ ಮತ್ತು ವಿಜ್ಞಾನ. ಎಲ್ಲರೂ ಐವತ್ತು ದಾಟಿದವರು. ‘ನಿವೃತ್ತಿ ಆದಮೇಲೆ ನೋಡೋಣ’ ಎಂಬ ಮಾತನ್ನು ಮನೆಯವರ ಬಾಯಲ್ಲಿ ಹತ್ತು ವರ್ಷ ಕೇಳಿ, ಅಷ್ಟರಲ್ಲಿ ನಮ್ಮ ಮೊಣಕಾಲುಗಳು ನಮಗಿಂತ ಮೊದಲೇ ನಿವೃತ್ತಿ ಕೇಳತೊಡಗಿದ್ದರಿಂದ ಹುಟ್ಟಿದ ಧೈರ್ಯ ಅದು. ನೇಪಾಳವನ್ನು ಆರಿಸಿದ್ದಕ್ಕೆ ಕಾರಣ ಸರಳ. ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ಮತದಾರರ ಗುರುತಿನ ಚೀಟಿಯೂ ನಡೆಯುತ್ತದೆ. ಆದರೆ ವಿದೇಶ ವಿದೇಶವೇ. ಇಲಾಖೆಯ ಅನುಮತಿ ತೆಗೆದುಕೊಳ್ಳಲೇಬೇಕು. ಆ ದೇಶದ ಗಡಿಯಾರ ಕೂಡ ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ ಇದೆ. ನೆರೆಮನೆಯವರಾದರೂ ತಮ್ಮ ಹೊತ್ತು ತಮ್ಮದು ಎನ್ನುವ ಆ ಹದಿನೈದು ನಿಮಿಷ ನನಗೆ ಬಹಳ ಇಷ್ಟವಾಯಿತು.

ಹೋಗುವುದು ಯಾವಾಗ ಎಂಬಲ್ಲಿ ತೊಡಕು ಶುರುವಾಯಿತು. ನಕಾಶೆ ಹಾಸಿಕೊಂಡು ಕೂತೆ. ನೇಪಾಳದ ಮಳೆ ನಮ್ಮ ಮುಂಗಾರಿನ ಅಣ್ಣತಮ್ಮನೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ವರ್ಷದ ಮಳೆಯ ಸುಮಾರು ಶೇಕಡಾ 80 ಬಿದ್ದುಹೋಗುತ್ತದೆ. ಪೋಖರಾದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು. ನಮ್ಮ ಗದಗಿನವರಿಗೆ ಅದು ಕಥೆ ಕೇಳಿದ ಹಾಗೆ. ಆ ತಿಂಗಳುಗಳಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುತ್ತದೆ, ಹಿಮಾಲಯ ಇದೆಯೆಂಬುದಕ್ಕೆ ಮೋಡವೇ ಸಾಕ್ಷಿ. ಡಿಸೆಂಬರ್, ಜನವರಿಯಲ್ಲಿ ಬೆಟ್ಟದ ಮೇಲೆ ಆಕಾಶ ಚೊಕ್ಕಟ, ಆದರೆ ಕೆಳಗೆ ತರಾಯಿಯ ಬಯಲಿನಲ್ಲಿ ಮಂಜು ಕವಿದು ಎದುರಿನ ಬಸ್ಸು ಕಾಣುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಗುಡ್ಡದ ತುಂಬ ಲಾಲಿಗುರಾಂಸ್ ಎಂಬ ಕೆಂಪು ಹೂ ಅರಳುತ್ತದೆ. ಕಾಡಿಗೆ ಬೆಂಕಿ ಬೀಳುವುದೂ ಆಗಲೇ. 2021ರ ಮಾರ್ಚ್ ಕೊನೆಗೆ ಹೊಗೆಯಿಂದ ಗಾಳಿ ಎಷ್ಟು ಕೆಟ್ಟಿತೆಂದರೆ ಅಲ್ಲಿನ ಶಾಲೆಗಳಿಗೆ ನಾಲ್ಕು ದಿನ ರಜೆ ಕೊಟ್ಟರು. ಮಳೆಗೆ ರಜೆ ಕೊಟ್ಟದ್ದನ್ನು ಕಂಡಿದ್ದೆ, ಉಸಿರಿಗೆ ರಜೆ ಕೊಟ್ಟದ್ದನ್ನು ಕೇಳಿರಲಿಲ್ಲ. ಹೀಗೆ ಒಂದೊಂದೇ ತಿಂಗಳು ಹೊಡೆದುಹಾಕುತ್ತ ಬಂದರೆ ಪುಸ್ತಕ ಹೇಳಿದಲ್ಲಿಗೇ ಬಂದು ನಿಲ್ಲುತ್ತೇವೆ. ಅಕ್ಟೋಬರ್. ಮಳೆ ತೊಳೆದ ಆಕಾಶ, ಹಸಿರು ಆರದ ಗುಡ್ಡ, ಎದುರಿಗೆ ಬೆಳ್ಳಗೆ ಅನ್ನಪೂರ್ಣ.

ನಮ್ಮ ಶಾಲೆಯ ಪಂಚಾಂಗವೂ ಅಲ್ಲಿಗೇ ತಂದು ನಿಲ್ಲಿಸಿತು. ಏಪ್ರಿಲ್‌ನಲ್ಲಿ ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆಗಳ ಮೌಲ್ಯಮಾಪನ. ಆ ವರ್ಷ ಮೇ 10ಕ್ಕೆ ವಿಧಾನಸಭೆ ಚುನಾವಣೆ. ಚುನಾವಣೆ ಎಂದರೆ ಮಾಸ್ತರರಿಗೆ ರಜೆ ಇಲ್ಲ. ‘ನಿಮಗೇನವ್ವಾ, ವರ್ಷಕ್ಕೆ ಎರಡು ಸಲ ರಜೆ’ ಎಂದು ಅಸೂಯೆಪಡುವ ಬ್ಯಾಂಕಿನ ಗೆಳತಿಯರಿಗೆ ಗೊತ್ತಿಲ್ಲ, ಆ ರಜೆಯ ಹೆಸರಿನಲ್ಲಿ ನಮಗೆ ಗಳಿಕೆ ರಜೆ ವರ್ಷಕ್ಕೆ ಹತ್ತೇ ದಿನ. 2023ರ ದಸರಾ ರಜೆ ಅಕ್ಟೋಬರ್ 8ರಿಂದ 24. ಹಿಮಾಲಯವೂ ಇಲಾಖೆಯೂ ಒಪ್ಪಿದ ಮುಹೂರ್ತ ಇನ್ನೊಂದು ಬೇಕೇ?

ತಡೆದವರು ನಮ್ಮ ಅತ್ತೆಯವರು. ವಯಸ್ಸು ಎಂಬತ್ತಮೂರು. ನೇಪಾಳ ಎಲ್ಲಿದೆ ಎಂದು ಕೇಳಿದರೆ ‘ಪಶುಪತಿನಾಥ ಇರೂ ಕಡೆ’ ಎನ್ನುವವರು. ಅಷ್ಟು ಭೂಗೋಳ ಅವರಿಗೆ ಸಾಕು. ರಜೆಯ ತಾರೀಖು ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: “ಅಲ್ಲೆ ಮಾನೌಮಿ ಇರಂಗಿಲ್ಲೇನು?”

ಇದೆ. ನಮ್ಮದಕ್ಕಿಂತ ದೊಡ್ಡದಾಗಿಯೇ ಇದೆ. ದಶೈಂ ಎನ್ನುತ್ತಾರೆ. ಆಶ್ವಯುಜ ಶುದ್ಧ ಪಾಡ್ಯದಿಂದ ಹುಣ್ಣಿಮೆಯವರೆಗೆ ಹದಿನೈದು ದಿನ, ಆ ದೇಶದ ಎಲ್ಲಕ್ಕಿಂತ ದೊಡ್ಡ ಹಬ್ಬ. ಘಟಸ್ಥಾಪನೆಯ ದಿನ ಮರಳಿನಲ್ಲಿ ಜವೆಗೋಧಿ ಬಿತ್ತಿ, ಬಿಸಿಲು ಕಾಣದ ಕೋಣೆಯಲ್ಲಿ ಬೆಳೆಸುತ್ತಾರೆ. ಹಳದಿಯಾಗಿ ಎದ್ದ ಆ ಸಸಿಗೆ ಜಮರಾ ಎಂದು ಹೆಸರು. ವಿಜಯದಶಮಿಯ ದಿನ ಹಿರಿಯರು ಅಕ್ಕಿ, ಮೊಸರು, ಕುಂಕುಮ ಕಲಸಿ ಕಿರಿಯರ ಹಣೆಗೆ ದಪ್ಪನಾಗಿ ಟೀಕಾ ಇಟ್ಟು, ಜಮರಾವನ್ನು ತಲೆಗೆ ಸಿಕ್ಕಿಸಿ ಹರಸುತ್ತಾರೆ. ಕಾಠ್ಮಂಡುವಿನಲ್ಲಿ ದುಡಿಯುವ ಜನ ಬಸ್ಸು ಹಿಡಿದು ಊರೂರಿಗೆ ಹೊರಟುಬಿಡುತ್ತಾರೆ, ಪಟ್ಟಣ ಅರ್ಧ ಖಾಲಿಯಾಗುತ್ತದೆ. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಘಟ್ಟದ ಸುತ್ತ ಧಾನ್ಯ ಬಿತ್ತುವುದು, ದಶಮಿಯ ಸಂಜೆ ಬನ್ನಿ ಕೊಟ್ಟು ಹಿರಿಯರ ಕಾಲು ಮುಟ್ಟುವುದು, ಇದಕ್ಕೂ ಅದಕ್ಕೂ ಏನು ದೂರ?

ನಮ್ಮ ಮನೆಯಲ್ಲೂ ಘಟ್ಟ ಹಾಕುವ ಪದ್ಧತಿ ಇದೆ. ಒಂಬತ್ತು ದಿನ ನಂದಾದೀಪ ಆರಬಾರದು. ಮನೆಗೆ ಬೀಗ ಹಾಕುವಂತಿಲ್ಲ. ಆದ್ದರಿಂದ ನನ್ನ ಮಟ್ಟಿಗೆ ಆ ದಿನಗಳು ಮೊದಲೇ ಮುಚ್ಚಿದ ಬಾಗಿಲು. ಆದರೆ ಅತ್ತೆಯವರು ನಮ್ಮ ಮನೆಯ ದೀಪದ ಬಗ್ಗೆ ಕೇಳಿರಲಿಲ್ಲ. ಅವರು ಹೇಳಿದ್ದು, “ಮಂದಿ ಮನ್ಯಾಗ ಹಬ್ಬ ಇದ್ದಾಗ ಕರೀಲಾರದ ಹೋಗಬಾರದವಾ. ಅವರು ಉಣ್ಣಬೇಕೋ, ನಿಮಗ ನೀಡಬೇಕೋ?”

ಗಣಿತದ ಅಕ್ಕೋರಿಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಅವರ ಮನೆಯಲ್ಲಿ ಘಟ್ಟವಿಲ್ಲ, ದಶಮಿಯವರೆಗೂ ಬಿಡುವು. ಅವರ ವಾದ ಗಟ್ಟಿಯಾದದ್ದು, ಇಲ್ಲಿ ಪೂರ್ತಿ ಬರೆಯುತ್ತೇನೆ. “ನಾವು ಹೋಗಲಿಲ್ಲಂದ್ರ ಖೋಲಿ ಖಾಲಿ ಇರತಾವೇನ್ರಿ? ಜರ್ಮನಿಯವರು ಬರತಾರ, ಕೊಲ್ಕತ್ತಾದವರು ಬರತಾರ. ಲಾಜಿನವರಿಗೆ ವರ್ಷದ ಗಳಿಕಿ ಅಂದ್ರ ಆ ಎರಡು ತಿಂಗಳು. ಹಬ್ಬದ ದಿನ ಬಸ್ ಕಂಡಕ್ಟರ್ ಕೆಲಸ ಮಾಡಂಗಿಲ್ಲೇನು? ದವಾಖಾನಿ ನರ್ಸು? ಅವರಿಗೆ ಕನಿಕರ ಮಾಡಿ ನಾವು ಬಸ್ ಹತ್ತೂದು ಬಿಟ್ಟೇವೇನು?”

ಇದಕ್ಕೆ ಥಟ್ಟನೆ ಉತ್ತರ ಸಿಗಲಿಲ್ಲ. ರಾತ್ರಿಯೆಲ್ಲ ಮಗ್ಗುಲು ಬದಲಿಸಿದೆ. ಕಂಡಕ್ಟರು ಹಬ್ಬದ ದಿನ ದುಡಿಯುವುದು ನಿಜ. ಆದರೆ ಅವನ ಬಸ್ಸಿನಲ್ಲಿ ಕೂತವರು ತವರಿಗೆ ಹೊರಟವರು, ಹಬ್ಬಕ್ಕೆ ಹೊರಟವರು. ಅವನೊಬ್ಬನ ಹಬ್ಬ ಹೋಗಿ ಅರವತ್ತು ಜನರ ಹಬ್ಬ ಆಗುತ್ತದೆ. ನರ್ಸಿನ ಮಾತು ಬಿಡಿ, ಕಾಯಿಲೆ ಪಂಚಾಂಗ ನೋಡಿ ಬರುವುದಿಲ್ಲ. ನನಗೆ ಅನ್ನಪೂರ್ಣ ಕಾಣುವುದು ಇವೆರಡರಲ್ಲಿ ಯಾವುದೂ ಅಲ್ಲ. ಅದು ನನ್ನ ಸಂತೋಷ. ಸಂತೋಷ ತಪ್ಪಲ್ಲ. ಜೀವಮಾನವೆಲ್ಲ ಬೇರೆಯವರ ಊಟದ ಹೊತ್ತಿಗೆ ತನ್ನ ಹೊತ್ತನ್ನು ಹೊಂದಿಸಿಕೊಂಡ ಹೆಂಗಸಿಗೆ ಆರು ದಿನದ ಸಂತೋಷ ಬೇಡವೆನ್ನುವ ವೈರಾಗ್ಯವನ್ನು ನಾನಂತೂ ಬೋಧಿಸಲಾರೆ. ಪ್ರಶ್ನೆ ಅದಲ್ಲ. ಒಂದು ವಾರ ಹಿಂದುಮುಂದು ಮಾಡಿದರೆ ನನ್ನ ಸಂತೋಷದಲ್ಲಿ ಸ್ವಲ್ಪ ಕಡಿಮೆಯಾಗುತ್ತದೆ, ಇನ್ನೊಬ್ಬರ ಹಬ್ಬ ಉಳಿಯುತ್ತದೆ ಎಂದಾದರೆ ಹಿಂದುಮುಂದು ಮಾಡುವುದು ನನ್ನ ಹೊಣೆಯೇ ಅಲ್ಲವೇ?

ಹೋಗುವ ಕಾಲವನ್ನು ಹೋಗುವವನ ಅನುಕೂಲದಿಂದ ಅಳೆಯದೆ, ದಾರಿಯಲ್ಲಿರುವವರ ಕಡೆಯಿಂದ ಅಳೆದ ಪದ್ಧತಿ ನಮ್ಮ ನಾಡುಗಳಲ್ಲಿ ಬಹಳ ಹಳೆಯದು. ಬುದ್ಧನ ಕಾಲದಲ್ಲಿ ಭಿಕ್ಷುಗಳು ಮಳೆಗಾಲದಲ್ಲೂ ಊರೂರು ಸುತ್ತುತ್ತಿದ್ದರಂತೆ. ಜನ ಆಕ್ಷೇಪಿಸಿದರು. ಈಗಷ್ಟೇ ಮೊಳೆತ ಹುಲ್ಲನ್ನು ತುಳಿಯುತ್ತಾರೆ, ಸಣ್ಣ ಸಣ್ಣ ಜೀವಗಳನ್ನು ಕೊಲ್ಲುತ್ತಾರೆ, ಹಕ್ಕಿಗಳೂ ಮಳೆಗಾಲಕ್ಕೆ ಗೂಡು ಕಟ್ಟಿ ಕೂರುತ್ತವೆ, ಇವರಿಗೇನಾಗಿದೆ ಎಂದರು. ಆಗ ಮಳೆಗಾಲದಲ್ಲಿ ಒಂದೇ ಕಡೆ ನಿಲ್ಲಬೇಕೆಂಬ ವರ್ಷಾವಾಸದ ನಿಯಮ ಬಂದಿತೆಂದು ವಿನಯಪಿಟಕ ಹೇಳುತ್ತದೆ. ಜೈನ ಮುನಿಗಳ ಚಾತುರ್ಮಾಸ್ಯವೂ ಅದೇ ದಾರಿಯದು. ನಮ್ಮ ಮಠಗಳ ಸ್ವಾಮಿಗಳೂ ಆ ವ್ರತಕ್ಕೆ ಕೂರುತ್ತಾರೆ. ಒದ್ದೆಯಾಗುತ್ತೀರಿ, ಜಾರಿ ಬೀಳುತ್ತೀರಿ ಎಂದು ಯಾರೂ ಅವರಿಗೆ ಹೇಳಲಿಲ್ಲ. ಕಾಲ ಕೆಳಗೆ ಏನಿದೆ ನೋಡಿ ಎಂದರು.

ಹಿಂದಿ ಅಕ್ಕೋರು ನಗುತ್ತ ಇನ್ನೊಂದು ದಾರಿ ತೋರಿಸಿದರು. ಅವರ ಅಕ್ಕ, ಭಾವ 2019ರಲ್ಲಿ ಹಜ್‌ಗೆ ಹೋದಾಗ ಆಗಸ್ಟ್. ಚಂದ್ರಮಾನದ ತಿಂಗಳು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುವುದರಿಂದ ಹಜ್ ಮೂವತ್ತಮೂರು ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಚಳಿಗಾಲದಲ್ಲಿ ಹೋಗುತ್ತೇನೆ ಎಂದು ಆರಿಸಿಕೊಳ್ಳುವ ಹಾಗಿಲ್ಲ. ಈ ಮಾತಾದ ಮರುವರ್ಷ, 2024ರ ಜೂನ್‌ನಲ್ಲಿ, ಐವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ ಅಲ್ಲಿ 1,300ಕ್ಕೂ ಹೆಚ್ಚು ಜನ ತೀರಿಕೊಂಡದ್ದನ್ನು ಓದಿದಾಗ ಅವರು ಎರಡು ದಿನ ಮಂಕಾಗಿದ್ದರು. ಯಾತ್ರೆಗೆ ಕಾಲ ನಿಶ್ಚಿತ, ಪ್ರವಾಸಕ್ಕೆ ಆಯ್ಕೆ ಇದೆ. ಆಯ್ಕೆ ಇರುವುದರಿಂದಲೇ ಅದಕ್ಕೊಂದು ಋಣವೂ ಅಂಟಿಕೊಂಡಿದೆ ಎಂಬುದು ಅವರ ಮಾತಿನಿಂದ ನಾನು ತೆಗೆದುಕೊಂಡದ್ದು. ಅವರು ಅಷ್ಟು ದೂರ ಹೋಗಿ ಹೇಳಲಿಲ್ಲ.

ಕೊನೆಗೆ ಉಳಿದದ್ದು ರಜೆ ಶುರುವಾಗುವ 8ನೇ ತಾರೀಖಿಗೂ ಘಟಸ್ಥಾಪನೆಯ 15ಕ್ಕೂ ನಡುವಿನ ಒಂದು ವಾರ. ಯಾರ ಹಬ್ಬವೂ ಇಲ್ಲದ ವಾರ. ಇಲ್ಲದಿರುವುದಕ್ಕೆ ಕಾರಣವಿದೆ: ಅದು ಪಕ್ಷಮಾಸ. 14ಕ್ಕೆ ಮಹಾಲಯ ಅಮಾವಾಸ್ಯೆ. ಹಿರಿಯರಿಗೆ ಎಡೆ ಇಡುವ ಹದಿನೈದು ದಿನಗಳಲ್ಲಿ ಹೊಸ ಸೀರೆ ಉಡುವುದಿಲ್ಲ, ಮನೆ ನೋಡುವುದಿಲ್ಲ, ಮದುವೆಯ ಮಾತೆತ್ತುವುದಿಲ್ಲ. ವಿದೇಶ ಪ್ರವಾಸ? ಮಾವನವರ ತಿಥಿ ಪಕ್ಷದ ಪಂಚಮಿ, ತಿಂಗಳ ಮೊದಲ ವಾರದಲ್ಲೇ ಮುಗಿದಿತ್ತು. ಆದರೂ ಅತ್ತೆಯವರ ಮುಂದೆ ಬಾಯಿ ತೆರೆಯಲು ನನಗೆ ಮೂರು ದಿನ ಬೇಕಾಯಿತು. ಯಜಮಾನರು ತಾವು ಹೇಳುವುದಿಲ್ಲವೆಂದು ಮೊದಲೇ ಕೈತೊಳೆದುಕೊಂಡಿದ್ದರು.

ಅವರು ಬತ್ತಿ ಹೊಸೆಯುತ್ತಿದ್ದರು. ಎಲ್ಲ ಕೇಳಿಸಿಕೊಂಡು ಮತ್ತೆರಡು ಬತ್ತಿ ಹೊಸೆದು, “ಹೋಗಿ ಬಾ. ಸತ್ತವರು ಸಿಟ್ಟಾಗಂಗಿಲ್ಲ. ಇದ್ದವರು ಆಗತಾರ” ಎಂದರು. ಆಮೇಲೆ, “ಬೆಣ್ಣಿ ಕಾಸಿ ಇಟ್ಟು ಹೋಗು” ಎಂದರು.

ಹುಬ್ಬಳ್ಳಿಯಿಂದ ದೆಹಲಿ, ದೆಹಲಿಯಿಂದ ಕಾಠ್ಮಂಡು. ಮೂವರು ಬಂದೆವು. ಗಣಿತದವರು ಮುನಿಸಿಕೊಂಡಲ್ಲ, ಅವರ ಮಗಳಿಗೆ ಅದೇ ವಾರ ವರ ನೋಡುವವರು ಬರುವುದಿತ್ತು. ಪಕ್ಷಮಾಸದ ಚಿಂತೆ ಅವರ ಮನೆಯಲ್ಲಿಲ್ಲ. ಪಶುಪತಿನಾಥದ ಗರ್ಭಗುಡಿಯ ಪೂಜೆ ತಲೆತಲಾಂತರದಿಂದ ನಮ್ಮ ಕರಾವಳಿಯ ಕಡೆಯಿಂದ ಹೋದ ಭಟ್ಟರದು ಎಂದು ನಾನು ಪಾಠದಲ್ಲಿ ಹೇಳುತ್ತ ಬಂದವಳು. ಅಲ್ಲಿ ನಿಂತಾಗ ಮೈ ಜುಂ ಎಂದಿತು. ಹೊರಗೆ ಬಾಗಮತಿಯ ದಡದಲ್ಲಿ ಜನ ತಮ್ಮ ತಮ್ಮ ಹಿರಿಯರಿಗೆ ಪಿಂಡ ಇಡುತ್ತಿದ್ದರು. ಅವರಿಗೂ ಅದು ಪಕ್ಷವೇ, ಸೋಹ್ರ ಶ್ರಾದ್ಧ ಎನ್ನುತ್ತಾರೆ, ಹದಿನಾರು ಶ್ರಾದ್ಧ. ದರ್ಭೆ, ಎಳ್ಳು, ಅದೇ ಅವಸರದ ಮಂತ್ರ. ಯಾರ ಮನೆಯ ಸಂಭ್ರಮಕ್ಕೂ ಅಡ್ಡ ಬರದೆ, ದುಃಖದ ಅಂಚಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆವು.

ಆ ವಾರ ಅಲ್ಲಿ ಇನ್ನೊಂದು ದುಃಖವೂ ಇತ್ತು. ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ನಡೆದ ದಾಳಿಯಲ್ಲಿ ಹತ್ತು ಮಂದಿ ನೇಪಾಳಿ ವಿದ್ಯಾರ್ಥಿಗಳು ಸತ್ತಿದ್ದರು. ಕೃಷಿ ಕಲಿಯುತ್ತ ದುಡಿಯಲು ಹೋದ ಹುಡುಗರು. ಚಹಾದ ಅಂಗಡಿಯಲ್ಲಿ, ಲಾಜಿನ ಮುಂಬಾಗಿಲಲ್ಲಿ, ಎಲ್ಲೆಲ್ಲೂ ಟಿ.ವಿ.ಯಲ್ಲಿ ಅದೇ. ನಮಗೆ ವಿದೇಶವೆಂದರೆ ಆರು ದಿನ, ಹಿಮ, ಫೋಟೋ. ಅಲ್ಲಿನ ಮನೆಮನೆಗೆ ವಿದೇಶವೆಂದರೆ ಕತಾರ್, ಮಲೇಷ್ಯಾ, ದುಬೈ. ವಿಮಾನ ನಿಲ್ದಾಣದಲ್ಲಿ ನಾವು ಇಳಿದು ಹೊರಬರುವಾಗ ಒಳಗೆ ಹೋಗಲು ಸಾಲುಗಟ್ಟಿ ನಿಂತಿದ್ದ ಹುಡುಗರ ಹಣೆಯಲ್ಲಿ ಕುಂಕುಮ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಹಬ್ಬಕ್ಕೆ ಇನ್ನೊಂದು ವಾರ ಇದ್ದರೂ ಹೊರಟಿದ್ದರು. ಯಾವ ತಿಂಗಳು ಹೋಗಬೇಕು, ಯಾವ ತಿಂಗಳು ಬರಬೇಕು ಎಂಬುದನ್ನು ಅವರ ಪರವಾಗಿ ಇನ್ನಾರೋ ಬರೆದಿಟ್ಟಿದ್ದಾರೆ.

ಪೋಖರಾದಲ್ಲಿ ಫೇವಾ ಸರೋವರದ ಹಿಂದಿನ ಓಣಿಯಲ್ಲಿ ಇಳಿದುಕೊಂಡಿದ್ದೆವು. ಎಂಟು ಕೋಣೆಯ ಲಾಜು. ನಡೆಸುವಾಕೆ ನಮ್ಮ ವಯಸ್ಸಿನವಳೇ. ಹಿಂದಿ ಅಕ್ಕೋರು ಇದ್ದುದರಿಂದ ಮಾತಿಗೆ ಬರವಿರಲಿಲ್ಲ. ಎರಡು ದಿನ ಮಳೆ ಬಿಡಲಿಲ್ಲ. ನೋಡಲು ಏನೂ ಇಲ್ಲದ್ದರಿಂದ ಅಡುಗೆಮನೆಯ ಬಾಗಿಲಲ್ಲಿ ಕೂತು ಸಾಸಿವೆ ಸೊಪ್ಪು ಸೋಸಿಕೊಟ್ಟೆವು. ಈಗ ಖಾಲಿ ಇದೆ, ಮುಂದಿನ ವಾರದಿಂದ ನವೆಂಬರ್ ಮುಗಿಯುವವರೆಗೆ ಒಂದು ಕೋಣೆಯೂ ಸಿಗುವುದಿಲ್ಲ ಎಂದಳು. ಹಬ್ಬಕ್ಕೆ ಆಳುಗಳು ಊರಿಗೆ ಹೋಗುವುದಿಲ್ಲವೇ ಎಂದು ಕೇಳಿದೆ. ಹೋಗುತ್ತಾರೆ, ತಾನೇ ಕಳಿಸುತ್ತಾಳೆ. ಒಂದು ತಿಂಗಳ ಸಂಬಳ ಹಬ್ಬದ ಖರ್ಚಿಗೆಂದು ಕೊಡಬೇಕೆಂಬ ಕಾನೂನೂ ಇದೆ. ಟೀಕಾದ ಎರಡು ದಿನ ಅಡುಗೆ ಅವಳದೇ, ಬಂದವರಿಗೆ ದಾಲ್ ಭಾತ್ ಬಿಟ್ಟು ಬೇರೆ ಸಿಗುವುದಿಲ್ಲ.

“ಮತ್ತೆ ನೀವು?”

ದಶೈಂನಲ್ಲಿ ಹೆಣ್ಣುಮಕ್ಕಳು ಟೀಕಾ ಇಡಿಸಿಕೊಳ್ಳಲು ತವರಿಗೆ ಹೋಗುತ್ತಾರೆ. ಮಾಇತಿ ಎನ್ನುತ್ತಾರೆ ತವರಿಗೆ. ನಮ್ಮಲ್ಲಿ ಪಂಚಮಿ ಹಬ್ಬಕ್ಕೆ ಅಣ್ಣ ಕರೆಯಲು ಬರುವ ಹಾಗೆ. ದಶಮಿಯಿಂದ ಹುಣ್ಣಿಮೆಯವರೆಗೆ ಐದು ದಿನ ಅವಕಾಶ. ಗೋರ್ಖಾ ಜಿಲ್ಲೆಯ ಹಳ್ಳಿಯಲ್ಲಿ ಅವಳ ತಾಯಿ ಇದ್ದಾಳೆ, ಎಂಬತ್ತರ ಹತ್ತಿರ. ಲಾಜು ಶುರುವಾಗಿ ಹನ್ನೊಂದು ವರ್ಷ. 2015ರ ಭೂಕಂಪದ ವರ್ಷ ಪ್ರವಾಸಿಗರು ಬರಲಿಲ್ಲ, ಆಗ ಒಮ್ಮೆ ಹೋಗಿದ್ದಳು. ಕೋವಿಡ್‌ನ ವರ್ಷ ಮತ್ತೊಮ್ಮೆ. ಮನೆ ಬಿದ್ದಾಗ, ಊರು ಮುಚ್ಚಿದಾಗ ಮಾತ್ರ ಅವಳಿಗೆ ತವರಿನ ದಾರಿ ತೆರೆದಿದೆ. ಉಳಿದ ವರ್ಷಗಳಲ್ಲಿ ತಾಯಿ ಜಮರಾವನ್ನು ಪತ್ರಿಕೆಯಲ್ಲಿ ಸುತ್ತಿ ಬಸ್ಸಿನವರ ಕೈಯಲ್ಲಿ ಕಳಿಸುತ್ತಾಳೆ. ಬರುವಷ್ಟರಲ್ಲಿ ಬಾಡಿರುತ್ತದೆ. ನಾನು ಹುಡುಗಿಯಾಗಿದ್ದಾಗ ದೂರದ ನೌಕರಿಯ ಚಿಕ್ಕಪ್ಪನಿಗೆ ಅಜ್ಜ ಅಂಚೆಯ ಲಕೋಟೆಯಲ್ಲಿ ಬನ್ನಿ ಎಲೆ ಇಟ್ಟು ಕಳಿಸುತ್ತಿದ್ದದ್ದು ನೆನಪಾಯಿತು.

ಇದನ್ನು ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ. ಸೊಪ್ಪು ತೊಳೆಯುತ್ತ ಹೇಳಿದಳು. ಇದೇ ಎರಡು ತಿಂಗಳ ದುಡ್ಡಿನಲ್ಲಿ ಮಗಳು ನರ್ಸಿಂಗ್ ಓದಿದ್ದಾಳೆ ಎಂಬುದನ್ನೂ ಅಷ್ಟೇ ಸಹಜವಾಗಿ ಹೇಳಿದಳು. ನಾವು ಹಬ್ಬ ತಪ್ಪಿಸಿ ಈ ವಾರ ಬಂದೆವು ಎಂದು ಹಿಂದಿ ಅಕ್ಕೋರು ತುಸು ಹೆಮ್ಮೆಯಿಂದ ಹೇಳಿದಾಗ ಆಕೆ ನಕ್ಕು, “ಹಬ್ಬಕ್ಕೆ ಬರಬೇಡಿ ಎಂದರೆ ನಾನು ತಿನ್ನುವುದೇನು? ಆದರೆ ಈ ವಾರವೂ ಬನ್ನಿ. ಕೋಣೆ ಖಾಲಿ ಇದ್ದರೆ ಈ ಹುಡುಗನಿಗೆ ಕೆಲಸವಿಲ್ಲವೆಂದು ಕಳಿಸಬೇಕಾಗುತ್ತದೆ” ಎಂದು ತಟ್ಟೆ ಒರೆಸುತ್ತಿದ್ದವನನ್ನು ತೋರಿಸಿದಳು.

ಗಣಿತದ ಅಕ್ಕೋರ ವಾದವೂ ಅತ್ತೆಯವರ ವಾದವೂ ಒಂದೇ ಹೆಂಗಸಿನ ಬಾಯಲ್ಲಿ ಹೀಗೆ ಒಟ್ಟಿಗೆ ಕೂತಿದ್ದವು. ಯೋಚಿಸುತ್ತ ಹೋದಂತೆ ನನಗೆ ಕಂಡದ್ದಿಷ್ಟು. ಕೋಣೆಯ ಬಾಡಿಗೆ ಅವಳ ದುಡಿಮೆಗೆ ಬೆಲೆ. ಆ ಲೆಕ್ಕ ಚುಕ್ತಾ. ಅವಳು ಬಿಟ್ಟುಕೊಟ್ಟ ಟೀಕಾಗಳು ಯಾವ ರಸೀದಿಯಲ್ಲೂ ಬರುವುದಿಲ್ಲ, ಅವನ್ನು ನಾನು ಕೊಂಡೆನೆಂದು ಹೇಳುವಂತೆಯೂ ಇಲ್ಲ, ಅವಳು ಮಾರಿದಳೆಂದು ಹೇಳುವಂತೆಯೂ ಇಲ್ಲ. ಎಲ್ಲರೂ ‘ಪ್ರಶಸ್ತ ಕಾಲ’ವನ್ನೇ ಹಿಡಿದು ಒಟ್ಟಿಗೆ ಬಂದುಬೀಳುವುದರಿಂದ ಅವಳ ವರ್ಷದ ಅನ್ನವೆಲ್ಲ ಎಂಟು ವಾರದಲ್ಲಿ ಗಂಟುಕಟ್ಟಿಕೊಂಡಿದೆ, ಆ ಗಂಟು ಸರಿಯಾಗಿ ಅವಳ ತವರಿನ ಐದು ದಿನದ ಮೇಲೆ ಬಿದ್ದಿದೆ. ನಾಲ್ಕು ಜನ ಆಚೀಚೆ ಸರಿದರೆ ಗಂಟು ತುಸು ಸಡಿಲವಾದೀತು. ಹಬ್ಬದಲ್ಲಿ ಹೋಗುವುದೇ ಪಾಪವೆಂದು ನಾನು ಹೇಳಲಾರೆ. ಹಾಗೆ ಹೇಳಿದರೆ ಆ ಹೆಂಗಸೇ ನಗುತ್ತಾಳೆ. ಆದರೆ ಆಯ್ಕೆ ಇರುವವರು ಎರಡನೆಯ ದರ್ಜೆಯ ಕಾಲವನ್ನು ಆರಿಸಿಕೊಳ್ಳುವುದು ತ್ಯಾಗವೂ ಅಲ್ಲ, ಜಿಪುಣತನವೂ ಅಲ್ಲ, ಒಂದು ಬಗೆಯ ನಾಗರಿಕತೆ. ಬಸ್ಸಿನಲ್ಲಿ ಕಿಟಕಿಯ ಕಡೆ ಸ್ವಲ್ಪ ಒತ್ತರಿಸಿ ಕೂರುತ್ತೇವಲ್ಲ, ಅಷ್ಟು.

ನಷ್ಟ ಎಷ್ಟಾಯಿತು ಎಂದು ಕೇಳಬಹುದು. ಮೂರನೆಯ ಬೆಳಿಗ್ಗೆ ಐದೂವರೆಗೆ ಆಕೆಯೇ ಬಾಗಿಲು ಬಡಿದು ಎಬ್ಬಿಸಿದಳು. ಮಹಡಿಗೆ ಓಡಿದೆವು. ಮೋಡ ಹರಿದು ಮಚ್ಛಾಪುಛ್ರೆ ನಿಂತಿತ್ತು, ಮೀನಿನ ಬಾಲದ ಹಾಗೆ, 6,993 ಮೀಟರ್. ಪವಿತ್ರವೆಂದು ಅದರ ತುದಿಯನ್ನು ತುಳಿಯಲು ಯಾರಿಗೂ ಅಪ್ಪಣೆ ಕೊಡದ ಬೆಟ್ಟ. ಇಪ್ಪತ್ತು ನಿಮಿಷ ಕಂಡಿತು. ಬಲಕ್ಕೆ ಅನ್ನಪೂರ್ಣದ ಸಾಲು ಅರ್ಧ. ಆಮೇಲೆ ಮತ್ತೆ ಬಿಳಿ ಪರದೆ. ಅಕ್ಟೋಬರ್ ಕೊನೆಗೆ ಬಂದಿದ್ದರೆ ದಿನವಿಡೀ ಕಾಣುತ್ತಿತ್ತಂತೆ. ಕಾಣುತ್ತಿತ್ತೋ ಏನೋ. 2014ರಲ್ಲಿ ಪ್ರಶಸ್ತ ಕಾಲದ ನಟ್ಟನಡುವೆ, ಅಕ್ಟೋಬರ್ 14ರಂದು, ನಮ್ಮ ವಿಶಾಖಪಟ್ಟಣಕ್ಕೆ ಬಡಿದ ಹುದ್‌ಹುದ್ ಚಂಡಮಾರುತದ ಬಾಲ ಅಲ್ಲಿಗೆ ತಲುಪಿ, ಇದೇ ಅನ್ನಪೂರ್ಣದ ದಾರಿಯಲ್ಲಿ ಹಿಮ ಸುರಿದು ನಲವತ್ತಕ್ಕೂ ಹೆಚ್ಚು ಜನ ಸತ್ತರು. ಚಾರಣಿಗರೂ ಸತ್ತರು, ಅವರ ಹೊರೆ ಹೊತ್ತು ದಾರಿ ತೋರಿಸುತ್ತಿದ್ದ ನೇಪಾಳಿಗಳೂ ಸತ್ತರು. ಪುಸ್ತಕದ ಸಾಲು ಭರವಸೆಯಲ್ಲ, ಸರಾಸರಿ.

ಹಿಂದಿರುಗುವಾಗ ಲುಂಬಿನಿಗೆ ಹೋದೆವು. ಅಶೋಕ ಪಟ್ಟಕ್ಕೆ ಬಂದ ಇಪ್ಪತ್ತನೆಯ ವರ್ಷ ಸ್ವತಃ ಬಂದು ನೆಡಿಸಿದ ಕಂಬ ಅಲ್ಲಿದೆ. ನಮ್ಮ ಮಸ್ಕಿಯ ಬಂಡೆಯ ಮೇಲೆ ಅವನ ಹೆಸರು 1915ರಲ್ಲಿ ಸಿಕ್ಕಿತು ಎಂದು ಪ್ರತಿವರ್ಷ ಪಾಠ ಮಾಡುವವಳಿಗೆ ಆ ಕಂಬ ನೆಂಟರ ಮನೆ. ಬ್ರಾಹ್ಮಿಯ ಐದು ಸಾಲು. ಬುದ್ಧ ಇಲ್ಲಿ ಹುಟ್ಟಿದನೆಂದು ದೇವಾನಾಂಪ್ರಿಯನು ಬಂದು ಪೂಜಿಸಿದ, ಈ ಹಳ್ಳಿಯ ಕಂದಾಯ ಬಿಟ್ಟ, ಬೆಳೆಯಲ್ಲಿ ಎಂಟನೆಯ ಒಂದು ಪಾಲಷ್ಟೇ ಕೊಟ್ಟರೆ ಸಾಕೆಂದ ಎಂಬ ಅರ್ಥದ ಬರಹ. ಯಾವ ತಿಂಗಳು ಬಂದನೋ ಬರೆದಿಲ್ಲ. ದಂಡು ದಾಳಿ, ಆನೆ ಕುದುರೆ ಸಮೇತ ಬಂದವನು, ಹಳ್ಳಿಯವರಿಗೆ ಎಷ್ಟು ತೊಂದರೆಯಾಗಿರಬೇಕು! ಹೋಗುವ ಮುನ್ನ ಅದಕ್ಕೆ ಏನಾದರೂ ಬಿಟ್ಟುಹೋಗಬೇಕೆಂದು ಅವನಿಗಾದರೂ ತೋಚಿತಲ್ಲ. 13ಕ್ಕೆ ದೆಹಲಿ, 14ರ ಸಂಜೆ ಮನೆ. ಮರುದಿನ ಬೆಳಿಗ್ಗೆ ಘಟ್ಟಕ್ಕೆ ಮಣ್ಣು ಜರಡಿ ಹಿಡಿಯುವಾಗ ಅತ್ತೆಯವರು ಎಲ್ಲ ವಿವರ ಕೇಳಿದರು. ಲಾಜಿನಾಕೆಯ ಸಂಗತಿ ಹೇಳಿದಾಗ, “ಈ ವರ್ಷನಾದ್ರೂ ಹೋಗ್ತಾಳೇನು ಆಕಿ?” ಎಂದರು. ನಾನು ಮಣ್ಣು ಸೋಸುತ್ತಲೇ ಇದ್ದೆ.

ಆ ಮೇಲೆ ನಮಗೆ ಮತ್ತೆ ಹೊರಡಲು ಆಗಿಲ್ಲ. 2024ರ ಮೇ 7ಕ್ಕೆ ನಮ್ಮ ಕಡೆ ಲೋಕಸಭೆಯ ಮತದಾನ. 2025ರ ದಸರಾ ರಜೆ ಮನೆಮನೆ ಸಮೀಕ್ಷೆಗೆ ಹೋಯಿತು. ಸೆಪ್ಟೆಂಬರ್ 22ರಿಂದ ಬಾಗಿಲು ಬಾಗಿಲು ತಟ್ಟಿದೆವು. ಹಬ್ಬದ ದಿನಗಳಲ್ಲಿ ಹೋಳಿಗೆಯ ಹೂರಣ ಒಲೆಯ ಮೇಲಿರುವಾಗ ಅರವತ್ತು ಪ್ರಶ್ನೆ ಕೇಳುವ ಅಕ್ಕೋರನ್ನು ಕಂಡ ಗೃಹಿಣಿಯರ ಮುಖ ನೋಡಬೇಕಿತ್ತು. ಆದರೂ ಬೈಯಲಿಲ್ಲ, ಕೂಡ್ರಿಸಿ ನೀರು ಕೊಟ್ಟರು.

ಈಗ ಶ್ರೀಲಂಕಾದ ಮಾತು ನಡೆದಿದೆ, ನಾಲ್ವರೂ. ಹಿಂದಿ ಅಕ್ಕೋರು ಹಳೆಯ ಅಂಕಪಟ್ಟಿಯ ಪುಸ್ತಕದಲ್ಲಿ ಅಂಕಣ ಹಾಕಿದ್ದಾರೆ: ಮಳೆ, ನಮ್ಮ ರಜೆ, ವಿಮಾನದ ದರ, ಕೊನೆಯದು ‘ಅವರ ಹಬ್ಬ’. ಏಪ್ರಿಲ್ 13, 14ಕ್ಕೆ ಸಿಂಹಳರಿಗೂ ತಮಿಳರಿಗೂ ಹೊಸ ವರ್ಷ, ಅಂಗಡಿ ಮುಚ್ಚಿ ಎಲ್ಲರೂ ಊರಿಗೆ. ಮೇ ಹುಣ್ಣಿಮೆ ವೇಸಾಕ್, ಪಶ್ಚಿಮ ಕರಾವಳಿಗೆ ಮುಂಗಾರೂ ಆಗಲೇ. ವರ್ಷದ ಕೊನೆಗೆ ಪೂರ್ವದ ಕಡೆ ಹಿಂಗಾರು. ಗಣಿತದ ಅಕ್ಕೋರು ಪಟ್ಟಿಯನ್ನು ಎರಡು ಸಲ ಕೂಡಿ ಕಳೆದು, ಕನ್ನಡಕ ತೆಗೆದಿಟ್ಟು, “ನಿಮ್ಮ ಈ ನಾಲ್ಕನೇ ಕಾಲಮ್ಮಿನ ಸಲುವಾಗಿ ಫೆಬ್ರುವರಿ ಒಂದs ಉಳಿದೈತಿ ನೋಡ್ರಿ” ಎಂದರು. ಫೆಬ್ರುವರಿಯಲ್ಲಿ ನಮಗೆ ಎಸ್.ಎಸ್.ಎಲ್.ಸಿ. ಪೂರ್ವಸಿದ್ಧತಾ ಪರೀಕ್ಷೆ.